ಅಡ್ಕದ ಮನೆ ಮೊದಲು ಬಂದ ಸಂಜೆ

"ಕಂಪ್ಯೂಟರಿನಿಂದ ತಪ್ಪಾಯಿತು" ಎಂದು ಯಾರಾದರೂ ಹೇಳಿದರೆ ನನಗೆ ಈಗ ಮೈ ಉರಿಯುತ್ತದೆ. ಪಂಚಾಯತಿನ ಕಿಟಕಿಯಲ್ಲಿ ಹೇಳಿದರೂ ಉರಿಯುತ್ತದೆ, ಬ್ಯಾಂಕಿನಲ್ಲಿ ಹೇಳಿದರೂ ಉರಿಯುತ್ತದೆ. ಮೊನ್ನೆ ರೇಶನ್ ಅಂಗಡಿಯಲ್ಲಿ ಒಬ್ಬ ಹಾಗೆ ಹೇಳಿದ್ದಕ್ಕೆ ಎಲ್ಲರ ಎದುರು ಅವನನ್ನು ಬೈದು, ಅಕ್ಕಿ ಅಲ್ಲಿಯೇ ಬಿಟ್ಟು ಬಂದೆ. ಅವನ ಮೇಲಿನ ಸಿಟ್ಟಲ್ಲ ಅದು. ಅದೇ ಮಾತನ್ನು ನಮ್ಮ ಊರಿನ ದೈವಸ್ಥಾನದ ಅಂಗಳದಲ್ಲಿ ಮೈಕು ಹಿಡಿದು ಹೇಳಿದವನು ನಾನು. ಅದು ಸುಳ್ಳು ಎಂದು ಆ ಅಂಗಳದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ನಾನು. ಇನ್ನೊಬ್ಬಳು ಆ ಸುಳ್ಳನ್ನು ಹೊರಬೇಕಾಗಿ ಬಂದವಳು.

ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಕುಂಬಳೆಯಿಂದ ಪುತ್ತಿಗೆಯ ಕಡೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿಯೇ ಮುದುಕನಾದೆ. ಸ್ಟಾಪು ಸ್ಟಾಪಿನಲ್ಲಿ ಊರಿನ ಹೆಸರು ಕೂಗಿ ಕೂಗಿ ಗಂಟಲು ದೊಡ್ಡದಾಗಿತ್ತು. ಆ ಗಂಟಲಿನಿಂದಾಗಿಯೇ ದೈವಸ್ಥಾನದಲ್ಲಿ ಮನೆಗಳ ಹೆಸರು ಕರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲವೆಂಬ ಸೇವೆ ಕೊಡುತ್ತಾರೆ. ಸಲ್ಲಿಸಬೇಕಾದುದನ್ನೆಲ್ಲ ಸಲ್ಲಿಸಿ ಆದ ಮೇಲೆ ಒಂದೊಂದೇ ಮನೆಯ ಹೆಸರು ಕರೆಯಬೇಕು. ಆ ಮನೆಯ ಹಿರಿಯರು ಮುಂದೆ ಬಂದು ಬಾಳೆಎಲೆಯ ತುಂಡಿನಲ್ಲಿ ಗಂಧವನ್ನೂ ಅಡಿಕೆ ಹಿಂಗಾರದ ಎಸಳನ್ನೂ ಪಡೆದು ಹೋಗಬೇಕು. ಮೊದಲು ಗುತ್ತು. ಹಿಂದೆ ಊರಿನ ಆಡಳಿತವನ್ನು ನಡೆಸುತ್ತಿದ್ದ ದೊಡ್ಡ ಮನೆಗೆ ಹಾಗೆ ಹೆಸರು. ಆಮೇಲೆ ಒಂದರ ಹಿಂದೆ ಒಂದಾಗಿ ಉಳಿದವರು. ಎಲ್ಲರೂ ಮುಗಿದ ಮೇಲೆ ಅಡ್ಕದ ಮನೆ. ಅಡ್ಕವೆಂದರೆ ನಮ್ಮ ಕಡೆ ಮುಳಿಹುಲ್ಲು ಬಿಟ್ಟರೆ ಏನೂ ಬಾರದ ಪಾರೆಕಲ್ಲಿನ ಬಯಲು. ಅಲ್ಲಿಯ ಮನೆಯವರು ತಲೆತಲಾಂತರದಿಂದ ಗುತ್ತಿನ ಗದ್ದೆಯಲ್ಲಿ ದುಡಿದವರು, ಕೆಂಪು ಕಲ್ಲು ಕಡಿದವರು. ಈ ಕ್ರಮವನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ಯಾರು ಯಾರ ಹಿಂದೆ ನಿಲ್ಲಬೇಕು ಎಂಬುದು ಊರಿನ ನಾಯಿಗಳಿಗೂ ಗೊತ್ತಿತ್ತು.

ಅಡ್ಕದ ಸರದಿ ಬರುವಾಗ ಅಂಗಳ ಅರ್ಧ ಖಾಲಿ. ಜನ ಊಟದ ಸಾಲಿಗೆ ಹೋಗಿರುತ್ತಿದ್ದರು, ಆ ಕಡೆಯಿಂದ ಪಾತ್ರೆಯ ಸದ್ದು. ಆಗ ನಾನು ಎಂತ ಮಾಡುತ್ತಿದ್ದೆ ಗೊತ್ತೇ? ಮೈಕನ್ನು ಆಫ್ ಮಾಡುತ್ತಿದ್ದೆ. ಒಂದು ಮನೆಗೋಸ್ಕರ ಮೈಕು ಯಾಕೆ ಎಂದು. ಆ ಮನೆಯ ಹೆಂಗಸು, ಗಂಡ ತೀರಿಹೋದವಳು, ಮಾವಿನ ಮರದ ಬುಡದಲ್ಲಿ ನಿಂತಿರುತ್ತಿದ್ದಳು. ಅವಳನ್ನು ಕೈಸನ್ನೆಯಲ್ಲಿ ಕರೆಯುತ್ತಿದ್ದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರನ್ನು ಇಳಿಸುವ ಹಾಗೆ. ವರ್ಷ ವರ್ಷ ಹೀಗೆ ಮಾಡಿಯೂ ನನಗೆ ಒಮ್ಮೆಯೂ ಏನೂ ಅನ್ನಿಸಿರಲಿಲ್ಲ. ಈಗ ಅದನ್ನು ನೆನೆದರೆ ನನ್ನ ಆ ಕೈಯನ್ನೇ ಕಡಿದು ಹಾಕಬೇಕು ಅನ್ನಿಸುತ್ತದೆ.

ಆ ಹೆಂಗಸಿನ ಮಗಳು ಡಿಗ್ರಿ ಮುಗಿಸಿ ನಾಯ್ಮಾರ್ಮೂಲೆಯ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಆನ್‌ಲೈನ್ ಅರ್ಜಿ ತುಂಬಿಸಿಕೊಡುವ ಅಂಗಡಿ. ಭಾನುವಾರ ರಜೆ. ದೈವಸ್ಥಾನದ ಬದಿಯ ಕೋಣೆಯಲ್ಲಿ ಯಾರೋ ಗಲ್ಫಿನವರು ಕೊಟ್ಟ ಎರಡು ಹಳೆಯ ಕಂಪ್ಯೂಟರುಗಳು ಧೂಳು ತಿನ್ನುತ್ತಿದ್ದುವು. ಅವಳು ದೈವಸ್ಥಾನದ ಸಮಿತಿಯವರ ಕಾಲು ಹಿಡಿಯುವುದೊಂದೇ ಬಾಕಿ, ಅಷ್ಟು ಕೇಳಿಕೊಂಡು ಆ ಕೋಣೆಯ ಬೀಗದ ಕೈ ಪಡೆದು, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಡಲು ಸುರು ಮಾಡಿದಳು. ಯಾಕೆ ಇಷ್ಟು ಹಟ ಎಂದು ನಾನೊಮ್ಮೆ ಕೇಳಿದ್ದೆ. ನಮ್ಮ ಮನೆಮಾತು ತುಳು, ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಜ್ಜ, ನಾನು ಕನ್ನಡ ಮೀಡಿಯಂನಲ್ಲಿ ಕಲಿತವಳು. ಕಂಪ್ಯೂಟರ್ ಪೀರಿಯಡ್ಡಿಗೆ ಬಂದ ಸಾರಿಗೆ ಮಲಯಾಳ ಬಿಟ್ಟರೆ ಬೇರೆ ಬರ್ತಿರ್ಲಿಲ್ಲ. ಇಡೀ ವರ್ಷ ಅವರ ಬಾಯಿ ನೋಡಿದ್ದೇ ಬಂತು. ಇಲ್ಲಿಯ ಮಕ್ಕಳು ಹಾಗೆ ಬಾಯಿ ನೋಡ್ಲಿಕ್ಕೆ ಬೇಡ."

ಅದೇ ಅವಳ ಆಸೆ. ಆ ಕೋಣೆ ಭಾನುವಾರಕ್ಕೊಮ್ಮೆ ತೆರೆಯಬೇಕು, ತೆರೆದೇ ಇರಬೇಕು. ಸಮಿತಿಯವರಿಗೆ ನಂಬಿಕೆ ಬಂದರೆ ಕೋಣೆಯನ್ನು ಕ್ಲಾಸಿಗೇ ಬಿಟ್ಟುಕೊಟ್ಟಾರು ಎಂದು ಕಾಯುತ್ತಿದ್ದಳು.

ಮಕ್ಕಳ ನಡುವೆ ನಾನೂ ಹೋಗಿ ಕುಳಿತೆ. ಮನೆಯಲ್ಲಿ ಕುಳಿತು ಬೇಸರವಾಗಿತ್ತು, ಅಷ್ಟೆ. ನನ್ನ ಬೆರಳು ಕೀಲಿಮಣೆಯ ಮೇಲೆ ಅಕ್ಷರ ಹುಡುಕುವುದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

"ಅಜ್ಜ, ರೈಟ್ ರೈಟ್ ಅಂತ ಹೇಳಿ, ಮುಂದೆ ಹೋಗ್ತದೆ!"

"ಅಜ್ಜ, ಡೋರ್ ಹಾಕಿದ್ದೀರಾ ನೋಡಿ!"

ಅವಳು ಮಾತ್ರ ನಗಲಿಲ್ಲ. ನಾನು ಅವಳನ್ನು ಟೀಚರ್ ಎಂದು ಕರೆಯಲು ಸುರು ಮಾಡಿದ್ದು ತಮಾಷೆಗೆ. ಆಮೇಲೆ ತಮಾಷೆ ಹೋಯಿತು, ಟೀಚರ್ ಉಳಿಯಿತು.

ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಅದಕ್ಕೆ ಸ್ಟ್ರಿಂಗ್ ಎನ್ನುತ್ತಾರೆ ಎಂದು ಅವಳು ಹೇಳಿಕೊಟ್ಟಳು. ಹೆಸರೂ ಸ್ಟ್ರಿಂಗ್, ಬೈಗುಳವೂ ಸ್ಟ್ರಿಂಗ್. ಯಂತ್ರಕ್ಕೆ ಅರ್ಥ ಬೇಡ. ಒಂದು ಕಡತದಿಂದ ಸಾಲು ಸಾಲಾಗಿ ಹೆಸರು ಓದಿಸುವುದು, ಓದಿದ್ದನ್ನು ಒಂದು ಕಡೆ ಸೇರಿಸುವುದು, ಸೇರಿಸಿದ್ದನ್ನು ಅಕ್ಷರ ಕ್ರಮದಲ್ಲಿ ಜೋಡಿಸಿ ತೋರಿಸುವುದು, ಇದು ನನ್ನ ಪಾಠವಾಗಿತ್ತು. ಅಭ್ಯಾಸಕ್ಕೆ ಹೆಸರು ಬೇಕಲ್ಲ? ನನ್ನ ಬಾಯಿಯ ತುದಿಯಲ್ಲಿದ್ದುದು ತಂಬಿಲದಲ್ಲಿ ಕರೆಯುವ ಮನೆಗಳ ಹೆಸರು. ಗುತ್ತು, ಬೈಲು, ಪದವು, ಕಡವು ಎಂದು ಒಂದೊಂದೇ ಕುಟ್ಟಿದೆ. ಒಂದೆರಡು ಹೆಸರಿಗೆ ಕನ್ನಡ ಅಕ್ಷರ ಸಿಕ್ಕದೆ ಇಂಗ್ಲಿಷಿನಲ್ಲಿ ಹಾಕಿದೆ, ಒಂದನ್ನು ಪಕ್ಕದ ಹುಡುಗ ಮಲಯಾಳದಲ್ಲಿ ಹಾಕಿಕೊಟ್ಟ. ಪ್ರೋಗ್ರಾಂ ಓಡಿಸಿದಾಗ ಎಲ್ಲಕ್ಕಿಂತ ಮೇಲೆ ಗುತ್ತು.

"ನೋಡು ಟೀಚರ್, ಇದಕ್ಕೂ ಗುತ್ತಿನವರ ಮರ್ಯಾದೆ ಗೊತ್ತುಂಟು!" ಎಂದೆ. ನಿಜಕ್ಕೂ ಖುಷಿಯಾಗಿತ್ತು ನನಗೆ.

ಅವಳು ಬಗ್ಗಿ ನೋಡಿದಳು. "ಎಂತ ಮರ್ಯಾದೆ ಅಜ್ಜ? ನೀವು ಗುತ್ತಿನ ಮೊದಲು ಒಂದು ಸ್ಪೇಸ್ ಒತ್ತಿದ್ದೀರಿ. ಖಾಲಿ ಜಾಗ ಕೂಡ ಇದಕ್ಕೆ ಒಂದು ಅಕ್ಷರವೇ. ಎಲ್ಲ ಅಕ್ಷರಕ್ಕೂ ಒಳಗೆ ಒಂದು ನಂಬರ್ ಉಂಟು, ಖಾಲಿ ಜಾಗದ್ದು ಸಣ್ಣ ನಂಬರ್. ಹಾಗಾಗಿ ಅದು ಮೇಲೆ ಬಂತು."

ಆ ಖಾಲಿ ಜಾಗವನ್ನು ಅಳಿಸಿದಳು. ಈ ಸಲ ಇಂಗ್ಲಿಷಿನಲ್ಲಿ ಬರೆದ ಹೆಸರುಗಳು ಮೇಲೆ, ಅದರ ಕೆಳಗೆ ಕನ್ನಡದವು, ಕಡೆಗೆ ಮಲಯಾಳದ್ದು. ನನಗೆ ಸಿಟ್ಟು ಬಂತು. "ಇಲ್ಲಿಯೂ ಇಂಗ್ಲಿಷಿನವನಿಗೇ ಮುಂದಿನ ಸೀಟಾ?" ಎಂದೆ. "ನಂಬರ್ ಕೊಟ್ಟವರು ಹಾಗೆ ಕೊಟ್ಟಿದ್ದಾರೆ, ನಾನು ಎಂತ ಮಾಡ್ಲಿ? ಎಲ್ಲ ಒಂದೇ ಲಿಪಿಯಲ್ಲಿ ಹಾಕಿ, ಜಗಳ ಮುಗಿಯಿತು" ಎಂದಳು. ಎಲ್ಲವನ್ನೂ ಕನ್ನಡದಲ್ಲಿ ಹಾಕಿದೆ. ಓಡಿಸಿದೆ. ಮೊದಲ ಸಾಲಿನಲ್ಲಿ ಅಡ್ಕ.

ಆ ಮನೆಯ ಹೆಸರನ್ನು ಒಂದು ಸಾಲಿನ ತಲೆಯಲ್ಲಿ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವಳೂ ಕಂಡಿರಲಿಲ್ಲವೇನೋ.

ಅದರ ಹಿಂದಿನ ವರ್ಷ ತಂಬಿಲದಲ್ಲಿ ನನಗೆ ಮರೆವು ಬಂದು ಒಂದು ಮನೆಯ ಹೆಸರು ಬಿಟ್ಟುಹೋಗಿತ್ತು. ಅದಲ್ಲದೆ ಪಾಲಾದ ಅಣ್ಣತಮ್ಮಂದಿರ ಎರಡು ಮನೆಗಳಲ್ಲಿ ಯಾರನ್ನು ಮೊದಲು ಕರೆಯಬೇಕು ಎಂದು ಅಂಗಳದಲ್ಲಿಯೇ ಕೈ ಮಿಲಾಯಿಸುವುದರಲ್ಲಿದ್ದರು. ಬೈಗುಳ ತಿಂದವನು ನಾನು. ಹಾಗಾಗಿ ಈ ವರ್ಷ ಸಮಿತಿಯಲ್ಲಿ ನಾನೇ ಎದ್ದು ಹೇಳಿದೆ: ಅಕ್ಷರ ಕ್ರಮದಲ್ಲಿ ಕರೆಯುವ, ಕಂಪ್ಯೂಟರಿಗೆ ಕೊಟ್ಟರೆ ಅದೇ ಜೋಡಿಸಿ ಕೊಡುತ್ತದೆ, ಯಾರೂ ಯಾರ ಮೇಲೂ ಜಗಳ ಮಾಡುವ ಹಾಗಿಲ್ಲ. ಇದು ನ್ಯಾಯದ ಮಾತಾಗಿ ಕಾಣಬಹುದು. ಅಲ್ಲ. ಬೈಗುಳ ತಪ್ಪಿಸಿಕೊಳ್ಳುವ ಉಪಾಯ.

ಗುತ್ತಿನ ಯಜಮಾನರು ಎಲೆಅಡಿಕೆ ಜಗಿಯುತ್ತಾ, "ಹಾಗೆ ಮಾಡಿ. ಹೇಗೆ ಮಾಡಿದ್ರೂ ಮೊದಲು ಯಾರು ಅಂತ ಊರಿಗೇ ಗೊತ್ತುಂಟಲ್ಲ" ಎಂದರು. ಎಲ್ಲರೂ ತಲೆ ಆಡಿಸಿದರು. ಅಲ್ಲಿದ್ದವರೆಲ್ಲ ಚಿಕ್ಕಂದಿನಲ್ಲಿ ಅ ಆ ಇ ಈ ತಿದ್ದಿದವರೇ. ಗ ಬರುವುದು ಅ ಆದ ಮೇಲೆ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಅಕ್ಷರಮಾಲೆ ಕೂಡ ಗುತ್ತಿನ ಜಗಲಿಯಿಂದಲೇ ಹೊರಡುತ್ತದೆ ಎಂದು ನಂಬಿದ್ದ ಜನ ನಾವು. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ಟೀಚರ್ ಕೇಳಿಯೂ ಇದ್ದಳು. "ಅಜ್ಜ, ನಮ್ಮ ಮನೆ ಮೊದಲು ಬರ್ತದೆ. ಆಗಬಹುದಾ? ಬೇಕಾದ್ರೆ ಹಳೆಯ ಕ್ರಮಕ್ಕೆ ಹೆಸರಿನ ಮುಂದೆ ನಂಬರ್ ಹಾಕುವ. ಅಮ್ಮನಿಗೆ ಎಂತದೂ ಬೇಸರ ಇಲ್ಲ."

ನಾನು ಎದೆ ಉಬ್ಬಿಸಿ ಹೇಳಿದ್ದೆ: "ಅಕ್ಷರಕ್ಕೆ ಎಂತ ಜಾತಿ ಉಂಟು ಮಾರಾಯ್ತಿ? ಬರಲಿ. ಕೇಳಿದವರಿಗೆ ನಾನು ಉತ್ತರ ಹೇಳ್ತೇನೆ."

ಪ್ರೋಗ್ರಾಮಿನ ಆ ನಾಲ್ಕೈದು ಸಾಲು ಬರೆದದ್ದು ನಾನು. ಹೆಸರು ತುಂಬಿಸಿದ್ದು ನಾನು. ಓಡಿಸಿದ್ದು, ಪ್ರಿಂಟ್ ತೆಗೆದದ್ದು ನಾನು. ಅವಳು ನನ್ನ ಬೆನ್ನ ಹಿಂದೆ ನಿಂತು ತಪ್ಪಾದಲ್ಲಿ ತಪ್ಪು ಎಂದಳು, ಅಷ್ಟೆ.

ತಂಬಿಲದ ಸಂಜೆ ಬಂತು. ಮೈಕು ಹಿಡಿದೆ. ನಾನು ಬಾಯಿ ತೆರೆಯುವ ಮೊದಲೇ ಗುತ್ತಿನ ಯಜಮಾನರು ಶಾಲು ಸರಿಮಾಡಿ ಎದ್ದು ಎರಡು ಹೆಜ್ಜೆ ಮುಂದೆ ಬಂದಾಗಿತ್ತು. ಯಾವತ್ತೂ ಹಾಗೆಯೇ, ಅವರು ಹೆಸರು ಕೇಳಿ ಏಳುವವರಲ್ಲ. ನಾನು ಓದಿದೆ:

"ಅಡ್ಕ."

ಮಾವಿನ ಮರದ ಬುಡದಲ್ಲಿ ಆ ಹೆಂಗಸು ಆಚೆ ಈಚೆ ನೋಡಿದಳು. ಎಲ್ಲ ಮುಗಿಯಿತು, ತನಗೆ ಗೊತ್ತಾಗಲಿಲ್ಲ ಎಂದುಕೊಂಡಳೋ ಏನೋ, ಗಡಿಬಿಡಿಯಿಂದ ಮುಂದೆ ಬಂದಳು. ಯಜಮಾನರು ಚಾಚಿದ ಕೈ ಚಾಚಿದ ಹಾಗೆಯೇ ಇತ್ತು. ಇಬ್ಬರೂ ಎದುರುಬದುರು ನಿಂತರು.

"ಎಂತ ಮಾರಾಯ್ರೆ ಇದು?" ಯಜಮಾನರ ಅಳಿಯ ಕೂಗಿದ. "ಯಾರು ಮಾಡಿದ್ದು ಇದನ್ನು?"

"ಕಂಪ್ಯೂಟರಿನಲ್ಲಿ ಮಾಡಿದ್ದಂತೆ."

"ಕಂಪ್ಯೂಟರ್ ಕ್ಲಾಸು ಯಾರದ್ದು? ಅಡ್ಕದ ಹುಡುಗಿಯದ್ದೇ ಅಲ್ವಾ! ತನ್ನ ಮನೆಯನ್ನೇ ಸಾಲಿನ ತಲೆಗೆ ಹಾಕಿಕೊಂಡಿದ್ದಾಳೆ ನೋಡಿ!"

"ಕೋಣೆ ಕೊಟ್ಟದ್ದಕ್ಕೆ ಈಗ ಗುತ್ತನ್ನೂ ಕೊಡಿ!"

ಯಾರೋ ನಕ್ಕರು. ಆ ನಗೆ ಅಂಗಳ ಪೂರ್ತಿ ಹಬ್ಬಿತು. ನನ್ನ ಕೈಯಲ್ಲಿ ಮೈಕು ಇತ್ತು. ಅ ಮೊದಲು, ಗ ಆಮೇಲೆ, ಬರೆದವನು ನಾನು. ಇಷ್ಟೇ ಹೇಳಬೇಕಾಗಿದ್ದುದು. ಬಸ್ಸಿನಲ್ಲಿ ಕುಡಿದು ಬಂದವರನ್ನು, ಪಾಸಿಲ್ಲದೆ ಹತ್ತಿದ ಕಾಲೇಜು ಹುಡುಗರ ಗುಂಪನ್ನು ಹೆದರದೆ ಇಳಿಸಿದ ಗಂಟಲು ಇದು. ಯಜಮಾನರು ನನ್ನ ಮುಖ ನೋಡಿದರು. ನಾನು ಹೇಳಿದೆ:

"ಕಂಪ್ಯೂಟರಿನಿಂದ ತಪ್ಪಾಗಿದೆ. ಟೀಚರ್ ಕೊಟ್ಟದ್ದನ್ನು ನಾನು ಓದಿದೆ ಅಷ್ಟೆ. ಯಜಮಾನರು ಕ್ಷಮಿಸಬೇಕು."

ಆಮೇಲೆ "ಗುತ್ತು" ಎಂದು ಕರೆದೆ. ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಉಳಿದ ಮನೆಗಳನ್ನೆಲ್ಲ ಹಳೆಯ ಕ್ರಮದಲ್ಲಿ ಬಾಯಿಪಾಠದಿಂದ ಕರೆದೆ. ಮರೆವು ಎಂದಿದ್ದೆನಲ್ಲ? ಆ ದಿನ ಒಂದು ಮನೆಯೂ ತಪ್ಪಲಿಲ್ಲ. ಹೆದರಿಕೆಗೆ ಅಷ್ಟು ಒಳ್ಳೆಯ ನೆನಪು ಉಂಟು. ಅಡ್ಕವನ್ನು ಕರೆಯುವಾಗ ಮರದ ಬುಡದಲ್ಲಿ ಯಾರೂ ಇರಲಿಲ್ಲ. ಗಂಧ, ಹಿಂಗಾರ ಇಟ್ಟ ಎಲೆ ಹಲಗೆಯ ಮೇಲೆ ಹಾಗೆಯೇ ಉಳಿಯಿತು.

ಟೀಚರ್ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ನಾನು ಮುಂದೆ ಇನ್ನೂ ಏನೋ ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಉತ್ತರ ಹೇಳುತ್ತೇನೆ ಎಂದವನು ನಾನಲ್ಲವೇ? ಅವಳು ಕಾದದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಕಾಯುವುದನ್ನು ಬಿಟ್ಟು ಹೋದದ್ದನ್ನೂ ಕಂಡಿದ್ದೇನೆ.

ಮುಂದಿನ ಭಾನುವಾರ ಕೋಣೆಗೆ ಬೇರೆ ಬೀಗ. ಸಮಿತಿಯ ಕಾರ್ಯದರ್ಶಿ ಹೇಳಿದರು: "ಹೆಸರು ಸಾಲಾಗಿ ಬರೀಲಿಕ್ಕೆ ಬಾರದವಳು ಮಕ್ಕಳಿಗೆ ಎಂತ ಕಲಿಸ್ತಾಳೆ? ಅದರಲ್ಲಿ ಸ್ವಾರ್ಥ ಬೇರೆ." ಮಕ್ಕಳ ತಾಯಂದಿರೂ ಅದನ್ನೇ ಹೇಳಿದರು. ನಾನು ಕೇಳಿ ಸುಮ್ಮನಿದ್ದೆ. ಮಳೆಗಾಲ ಇಡೀ ಸುಮ್ಮನಿದ್ದೆ. ಮಾಡಿದ್ದಕ್ಕಿಂತ ಈ ಸುಮ್ಮನಿದ್ದುದು ಹೇಸಿಗೆ. ಮೈಕಿನ ಎದುರು ನಾಲಿಗೆ ಜಾರಿತು ಎನ್ನಬಹುದು. ಆಮೇಲಿನ ಬೆಳಗುಗಳಲ್ಲಿ ಎಂತ ಜಾರಿತ್ತು? ಚಾ ಕುಡಿದೆ, ಪೇಪರು ಓದಿದೆ, ಮಧೂರಿನ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬಂದೆ. ದೇವರಿಗೆ ಹೇಳಿದೆ, ಹಗುರವಾಯಿತು ಎಂದುಕೊಂಡೆ. ದೇವರಿಗೆ ಹೇಳುವುದಕ್ಕೆ ಎಂತ ಧೈರ್ಯ ಬೇಕು? ಅವನು ತಿರುಗಿ ಬೈಯುವುದಿಲ್ಲ.

ಕಡೆಗೆ ಒಂದು ದಿನ ಬಸ್ಸು ಹತ್ತಿ ನಾಯ್ಮಾರ್ಮೂಲೆಗೆ ಹೋದೆ. ಅವಳು ಯಾರದೋ ಅರ್ಜಿ ಕುಟ್ಟುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಎಂತ ಆಗ್ಬೇಕಿತ್ತು? ಅರ್ಜಿ ಉಂಟಾ?"

"ಇಲ್ಲ ಟೀಚರ್. ನಾನು ಮಾಡಿದ್ದು ತಪ್ಪು. ನನ್ನನ್ನು ಕ್ಷಮಿಸು."

"ಟೀಚರ್ ಅಂತ ಹೇಳ್ಬೇಡಿ." ಅವಳ ಸ್ವರ ಏರಲಿಲ್ಲ. "ಅಜ್ಜ, ಇದನ್ನು ನನ್ನ ಹತ್ರ ಹೇಳಿ ಎಂತ ಪ್ರಯೋಜನ? ನನಗೆ ಗೊತ್ತಿದ್ದದ್ದೇ ಅಲ್ವಾ? ಗೊತ್ತಿಲ್ಲದವರಿಗೆ ಹೇಳಿ. ಮೈಕಿನಲ್ಲಿ ಹೇಳಿದ್ದನ್ನು ಕಿವಿಯಲ್ಲಿ ಹೇಳಿ ಸರಿ ಮಾಡ್ಲಿಕ್ಕೆ ಆಗ್ತದಾ?"

"ಆಗುವುದಿಲ್ಲ."

"ಮತ್ತೆ ಇಲ್ಲಿ ಎಂತಕ್ಕೆ ಬಂದದ್ದು? ನಿಮಗೆ ನಿದ್ದೆ ಬರ್ಲಿಕ್ಕಾ?" ಎಂದು ಕೇಳಿ, ನನ್ನ ಹಿಂದೆ ಕಾಯುತ್ತಿದ್ದವರಿಗೆ "ನೀವು ಬನ್ನಿ" ಎಂದಳು.

ಬಸ್ಸಿನಲ್ಲಿ ಹಿಂದೆ ಬರುವಾಗ ಅವಳ ಮೇಲೆ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮುದುಕ ಅಷ್ಟು ದೂರ ಹೋಗಿ ಕೇಳಿದರೂ ಕೂರು ಎನ್ನಲಿಲ್ಲವಲ್ಲ ಎಂದು. ಮನೆ ಮುಟ್ಟುವಾಗ ಆ ಸಿಟ್ಟು ಸರಿಯಾದ ವಿಳಾಸಕ್ಕೆ ಬಂದು ಸೇರಿತು.

ಸಮಿತಿಯ ಮಹಾಸಭೆ ಕರೆದರು. ಊರಿನ ಎಲ್ಲ ಮನೆಯವರೂ ಇದ್ದರು, ಅಡ್ಕದ ಹೆಂಗಸು ಬಾಗಿಲ ಹತ್ತಿರ ಕುಳಿತಿದ್ದಳು. ಇತರ ವಿಷಯ ಎಂದಾಗ ನಾನು ಎದ್ದೆ. ಪ್ರೋಗ್ರಾಂ ಬರೆದವನು ನಾನು, ಅಕ್ಷರ ಕ್ರಮ ಕೇಳಿದವನು ನಾನು, ಅಡ್ಕ ಮೊದಲು ಬರುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು, ಅಡ್ಕದ ಮಗಳು ಎಚ್ಚರಿಸಿಯೂ ಇದ್ದಳು, ಕಂಪ್ಯೂಟರೂ ತಪ್ಪಲಿಲ್ಲ, ಅವಳೂ ತಪ್ಪಲಿಲ್ಲ, ಸುಳ್ಳು ಹೇಳಿದವನು ನಾನು ಎಂದೆ.

ಯಜಮಾನರು ಕೈ ಬೀಸಿದರು. "ಹೋಗ್ಲಿ ಬಿಡಿ ಮಾರಾಯ್ರೆ. ಆಗಿ ಹೋದ ಸಂಗತಿ. ಕಂಪ್ಯೂಟರ್ ಅಂದ್ರೆ ಹಾಗೆಯೇ, ಒಮ್ಮೊಮ್ಮೆ ತಪ್ಪುತ್ತದೆ."

"ತಪ್ಪಲಿಲ್ಲ ಅಂತ ಹೇಳಿದೆನಲ್ಲ!" ನನ್ನ ಗಂಟಲು ಒಡೆಯಿತು. "ಅ ಆದ ಮೇಲೆ ಗ! ನಿಮಗೆ ಅದನ್ನು ಯಾರೂ ಕಲಿಸಲಿಲ್ವಾ? ಆ ದಿನ ನೀವು ಹೆಸರು ಕರೆಯುವ ಮೊದಲೇ ಎದ್ದಿರಿ. ಯಾರು ಹೇಳಿದ್ದು ಏಳ್ಲಿಕ್ಕೆ?"

"ಓಯ್, ಮಾತು ನೋಡಿ ಆಡಿ" ಎಂದು ಅಳಿಯ ಎದ್ದ. "ಅಜ್ಜನಿಗೆ ಪ್ರಾಯ ಆಯಿತು, ಕೂರಿಸಿ" ಎಂದರು ಯಾರೋ. ನನ್ನ ಭುಜ ಹಿಡಿದು ಎಳೆದರು. ಸುಳ್ಳು ಹೇಳಿದ ದಿನ ಒಬ್ಬನೂ ನನ್ನ ಪ್ರಾಯ ಕೇಳಿರಲಿಲ್ಲ. ಆ ದಿನ ನನ್ನ ಒಂದು ಮಾತು ಸಾಕಾಯಿತು, ಸಾಕ್ಷಿ ಬೇಡವಾಯಿತು. ಸತ್ಯ ಹೇಳಿದೊಡನೆ ನಾನು ಮುದುಕನಾದೆ.

ಆಗ ಬಾಗಿಲ ಹತ್ತಿರದಿಂದ ಆ ಹೆಂಗಸು ಎದ್ದಳು. ಅಲ್ಲಿಂದಲೇ ಕೇಳಿದಳು: "ಹಾಗಾದ್ರೆ ಕೋಣೆಯ ಬೀಗದ ಕೈ?"

ಕಾರ್ಯದರ್ಶಿ ಕೆಮ್ಮಿದರು. "ಮುಂದಿನ ಸಭೆಯಲ್ಲಿ ಮಾತಾಡುವ ಅಕ್ಕ. ಕೂತ್ಕೊಳ್ಳಿ."

"ಬೀಗ ಹಾಕ್ಲಿಕ್ಕೆ ಸಭೆ ಇರ್ಲಿಲ್ಲ," ಅವಳು ಹೇಳಿದಳು, "ತೆಗೀಲಿಕ್ಕೆ ಎಂತಕ್ಕೆ?"

ಅವಳು ಕೂರಲಿಲ್ಲ. ನನ್ನನ್ನು ಎಳೆದವರ ಕೈ ಕೊಡವಿ ನಾನೂ ಕೂರಲಿಲ್ಲ. ಮೂರನೆಯವರು ಯಾರೂ ಏಳಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಆ ಮಕ್ಕಳ ತಂದೆತಾಯಂದಿರೆಲ್ಲ ಅಲ್ಲಿದ್ದರು, ಕಾಲಿನ ಹೆಬ್ಬೆರಳು ನೋಡುತ್ತಾ ಇದ್ದರು. ತುಂಬಾ ಹೊತ್ತಿನ ಮೇಲೆ ಕಾರ್ಯದರ್ಶಿ ಕಿಸೆಗೆ ಕೈ ಹಾಕಿ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದರು. ಕೊಡಲಿಲ್ಲ, ಎಸೆದರು. ಅವಳು ಬಾಗಿಲಿನಿಂದ ಮೇಜಿನವರೆಗೆ ಎಲ್ಲರ ನಡುವೆ ನಡೆದು ಬಂದು ಅದನ್ನು ತೆಗೆದುಕೊಂಡಳು. ನನ್ನ ಕಡೆಗೆ ನೋಡಲಿಲ್ಲ. ನೋಡಬೇಕೆಂದು ನಾನೂ ಬಯಸಲಿಲ್ಲ.

ಆ ಸಭೆಗೆ ಬಾರದವರು, ಬಂದೂ ಕೇಳಿಸದ ಹಾಗೆ ಕುಳಿತವರು ತುಂಬಾ ಜನ ಇದ್ದಾರೆ. ಅವರಿಗೂ ಗೊತ್ತಾಗಲಿ ಎಂದು ಇದನ್ನು ಬರೆದೆ. ಬೀಗದ ಕೈ ಈಗ ಅಡ್ಕದ ಮನೆಯಲ್ಲಿದೆ. ಕೋಣೆ ಇನ್ನೂ ತೆರೆದಿಲ್ಲ. ಮಗಳು ಬರುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಬಾ ಎಂದು ಕರೆಯುವ ಮುಖ ನನಗಿಲ್ಲ.